ಬಕಿಂಗ್‌ಹ್ಯಾಮ್ ಕಾಲುವೆ: ಅಂದು ಮತ್ತು ಇಂದು

ಚೆನ್ನೈ ನಗರವನ್ನು ನೋಡಿಬಂದ ಕನ್ನಡಿಗರಲ್ಲಿ ಅಲ್ಲಿಯ ಸಮುದ್ರತೀರವನ್ನೂ ಮೈಲಾಪುರದ ದೇವಾಲಯವನ್ನೂ ಕೊಂಡಾಡದವರು ವಿರಳ. ಆದರೆ ಅದೇ ಮೈಲಾಪುರದ ಮಗ್ಗುಲಲ್ಲಿ, ರೈಲುದಾರಿಯ ಕಂಬಗಳ ಅಡಿಯಲ್ಲಿ ಕಪ್ಪುನೀರು ತುಂಬಿಕೊಂಡು ನಾರುವ ಕಾಲುವೆಯೊಂದಿರುವುದಷ್ಟೆ! ಅದನ್ನು ಕಂಡವರು ಮೂಗು ಮುಚ್ಚಿಕೊಂಡು ಮುಂದೆ ಸಾಗುವರು. ಒಂದಾನೊಂದು ಕಾಲದಲ್ಲಿ ಆ ಮಹಾನಗರದ ಒಲೆಗಳಿಗೆ ಸೌದೆಯನ್ನೂ ಅಡಿಗೆಗೆ ಉಪ್ಪನ್ನೂ ತಂದೊದಗಿಸುತ್ತಿದ್ದ ಜಲಮಾರ್ಗವು ಇದೇ ಎಂದರೆ ನಂಬುವುದು ಕಷ್ಟ. ಅದರ ವೃತ್ತಾಂತವನ್ನು ವಾಚಕರ ಮುಂದಿಡುವೆವು.

ಚೋಳಮಂಡಲ ತೀರದಲ್ಲಿ ನೈಸರ್ಗಿಕವಾದ ಬಂದರುಗಳು ಬಹಳ ಕಡಮೆ. ಅಲೆಗಳ ಹೊಡೆತಕ್ಕೆ ಸಣ್ಣ ದೋಣಿಗಳು ತಾಳಲಾರವು. ಆದುದರಿಂದ ಕಡಲಿನ ಪಕ್ಕದಲ್ಲಿಯೇ ಒಳನಾಡಿನ ನೀರುದಾರಿಯೊಂದು ಬೇಕಾಯಿತು. ೧೮೦೬ರಲ್ಲಿ ಬಾಸಿಲ್ ಕಾಕ್ರೇನ್ ಎಂಬವರು ಮದರಾಸಿನಿಂದ ಉತ್ತರಕ್ಕೆ ಎಣ್ಣೂರಿನವರೆಗೆ ಸುಮಾರು ೧೧ ಮೈಲಿಗಳ ಕಾಲುವೆಯನ್ನು ತೋಡಿಸಿದರು. ೧೮೩೭ರಲ್ಲಿ ಸರ್ಕಾರವು ಅದನ್ನು ವಹಿಸಿಕೊಂಡಿತು. ಬರಬರುತ್ತ ಅದು ಉತ್ತರದಲ್ಲಿ ಆಂಧ್ರದ ಪೆದ್ದಗಂಜಾಮಿನಿಂದ ದಕ್ಷಿಣದಲ್ಲಿ ಮರಕ್ಕಾಣದವರೆಗೆ ಸುಮಾರು ೨೬೦ ಮೈಲಿ ಬೆಳೆಯಿತು.

ನಗರದೊಳಗಿನ ಭಾಗದ ಕಥೆಯು ಮನಸ್ಸನ್ನು ಕಲಕತಕ್ಕದ್ದು. ೧೮೭೬ರಿಂದ ೭೮ರವರೆಗಿನ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮವು ನಮ್ಮ ಮೈಸೂರು, ಬಳ್ಳಾರಿ ಸೀಮೆಗಳನ್ನು ಹಾಳುಗೆಡವಿದಂತೆಯೇ ತಮಿಳುನಾಡನ್ನೂ ಹಾಳುಗೆಡವಿತು. ಆಗ ಹಸಿದವರಿಗೆ ಕೂಲಿ ದೊರಕಿಸುವುದಕ್ಕಾಗಿ ಕೂವಂ ಮತ್ತು ಅಡ್ಯಾರ್ ನದಿಗಳ ನಡುವೆ ೫ ಮೈಲಿಗಳ ಕಾಲುವೆಯನ್ನು ಅಗೆಯಿಸಲಾಯಿತು. ಗುದ್ದಲಿ ಹಿಡಿದವರು ಅನ್ನವಿಲ್ಲದೆ ಬಡವಾದ ಗಂಡಸರು, ಹೆಂಗಸರು; ೧೮೭೮ರಲ್ಲಿ ಕಾಲುವೆಗೆ ಬಂದುದು ಗವರ್ನರರಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕರ ಹೆಸರು.

ಅಂದಿನ ದೃಶ್ಯವೇ ಬೇರೆ. ಸರ್ವೆಮರದ ಸೌದೆ, ಉಪ್ಪು, ಧಾನ್ಯ ಇವುಗಳನ್ನು ಹೇರಿಕೊಂಡ ದೋಣಿಗಳು ಸಾಲುಸಾಲಾಗಿ ಪಟ್ಟಣಕ್ಕೆ ಬರುತ್ತಿದ್ದುವು. ಗಾಳಿ ಅನುಕೂಲವಾದರೆ ಹಾಯಿ. ಇಲ್ಲವಾದರೆ ಅಂಬಿಗರು ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ದೋಣಿಯನ್ನು ಎಳೆಯುತ್ತಿದ್ದರು. ಕಾಲುವೆಯಲ್ಲಿದ್ದುದು ಉಪ್ಪುನೀರು. ಕಡಲ ಭರತವು ಏರಿಳಿದಂತೆ ನೀರಿನ ಮಟ್ಟವೂ ವ್ಯತ್ಯಾಸವಾಗುತ್ತಿದ್ದುದರಿಂದ ಲಾಕುಗಳೆಂಬ ಜೋಡಿಬಾಗಿಲುಗಳನ್ನು ಕಟ್ಟಿದ್ದರು. ಎರಡು ಬಾಗಿಲುಗಳ ನಡುವೆ ದೋಣಿಯನ್ನು ನಿಲ್ಲಿಸಿ ನೀರನ್ನು ತುಂಬಿಸಿದರೆ ದೋಣಿಯೂ ಮೇಲಕ್ಕೇರುವುದು. ನೀರನ್ನು ಬಿಟ್ಟರೆ ಇಳಿಯುವುದು.

ರೈಲು, ಲಾರಿಗಳು ಬಂದ ಮೇಲೆ ದೋಣಿಗಳಿಗೆ ಕೆಲಸ ಕಡಮೆಯಾಯಿತು. ೧೯೬೫, ೬೬ ಮತ್ತು ೭೬ರ ಚಂಡಮಾರುತಗಳಿಂದ ಕಾಲುವೆಯು ಕೆಟ್ಟಿತು, ಹೂಳೆತ್ತುವವರಿಲ್ಲದಾಯಿತು. ನಗರವು ತನ್ನ ಕೊಳಚೆಯನ್ನೆಲ್ಲ ಅದರೊಳಕ್ಕೆ ಹರಿಯಬಿಟ್ಟಿತು. ೧೯೯೦ರ ದಶಕದಲ್ಲಿ ಮೇಲುರೈಲಿನ ಕಂಬಗಳು ಕಾಲುವೆಯ ಪಾತ್ರದಲ್ಲಿಯೇ ಎದ್ದು ನಿಂತುವು.

ಇಷ್ಟಾದರೂ ಆ ಕಾಲುವೆಯು ಉಪಕಾರವನ್ನು ಮರೆಯಲಿಲ್ಲ. ೨೦೦೪ನೆಯ ಡಿಸೆಂಬರ್ ೨೬ರಂದು ಸುನಾಮಿಯ ತೆರೆಗಳು ನುಗ್ಗಿದಾಗ, ಚೆನ್ನೈಯಿಂದ ಉತ್ತರದ ತೀರದಲ್ಲಿ ಅದು ಉಕ್ಕಿದ ನೀರನ್ನು ತನ್ನೊಳಗೆ ತುಂಬಿಕೊಂಡು, ಮತ್ತೆ ಕಡಲಿಗೇ ಬಿಟ್ಟಿತು. ಹಲವು ಬೆಸ್ತರ ಪ್ರಾಣಗಳು ಉಳಿದುವು. ಹೊಟ್ಟೆಯ ಪಾಡಿಗಾಗಿ ಅಗೆದ ಮಣ್ಣು ನೂರಿಪ್ಪತ್ತಾರು ವರ್ಷಗಳ ತರುವಾಯವೂ ಫಲ ಕೊಟ್ಟಿತೆನ್ನಬೇಕು.

೨೦೦೮ರಲ್ಲಿ ಸರ್ಕಾರವು ಇದನ್ನು ನಾಲ್ಕನೆಯ ರಾಷ್ಟ್ರೀಯ ಜಲಮಾರ್ಗದಲ್ಲಿ ಸೇರಿಸಿತು. ಆದರೆ ಹೆಸರಿಟ್ಟ ಮಾತ್ರಕ್ಕೆ ದೋಣಿ ತೇಲದು. ನೀರು ಶುದ್ಧವಾಗಬೇಕಾದರೆ ಮನೆಮನೆಯ ಬಚ್ಚಲಿನಿಂದಲೇ ಕಾರ್ಯವು ಮೊದಲಾಗಬೇಕು. ಇದು ಚೆನ್ನೈಯವರಿಗೆ ಮಾತ್ರ ಸಲ್ಲುವ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಕೆರೆಯಿಂದ ಕೆರೆಗೆ ಮಳೆನೀರನ್ನು ಕೊಂಡೊಯ್ಯುತ್ತಿದ್ದ ಬೆಂಗಳೂರಿನ ರಾಜಕಾಲುವೆಗಳಿಗೆ ಯಾವ ಗತಿ ಬಂದಿದೆಯೆಂಬುದನ್ನು ನಮ್ಮ ಗೃಹಸ್ಥರು ಬಲ್ಲರು. ಹಿರಿಯರು ಬೆವರು ಸುರಿಸಿ ತೋಡಿದ ನೀರದಾರಿಗೆ ನಾವು ಸುರಿಯುತ್ತಿರುವುದೇನೆಂದು ಪ್ರತಿಯೊಂದು ಮನೆಯವರೂ ಒಮ್ಮೆ ಯೋಚಿಸಲಿ.