ಎಲೆ ಯಾವುದು, ಹಕ್ಕಿ ಯಾವುದು?

ನವಿಲು, ಮಿಂಚುಳ್ಳಿ, ಮರಕುಟಿಗ ಇಂಥವನ್ನು ಗುರುತಿಸಲು ಪುಸ್ತಕವೇ ಬೇಕಿಲ್ಲ. ಹಕ್ಕಿ ನೋಡುವ ಹುಚ್ಚು ಹಿಡಿದ ಮೊದಲ ತಿಂಗಳು ಪ್ರತಿಯೊಬ್ಬರಿಗೂ ತಾನೇ ಸಲೀಂ ಅಲಿ ಅನಿಸುವುದು ಇವುಗಳಿಂದಲೇ. ಆಮೇಲೆ ಅಕ್ಟೋಬರ್ ಬರುತ್ತದೆ. ಅದರ ಜೊತೆಗೇ ಎಲೆ ಉಲಿಯಕ್ಕಿಗಳೂ ಬಂದಿಳಿಯುತ್ತವೆ. ಇಂಗ್ಲಿಷಿನವರು ಲೀಫ್ ವಾರ್ಬ್ಲರ್ ಎನ್ನುವ ಹಕ್ಕಿಗಳು.

ಇವು ಗುಬ್ಬಚ್ಚಿಗಿಂತ ಚಿಕ್ಕವು. ತೂಕ 7-8 ಗ್ರಾಂ, ಅಂದರೆ ನಾವು ಅಸೈನ್‌ಮೆಂಟ್ ಬರೆಯುವ ಎ4 ಹಾಳೆ ಒಂದೂವರೆ ಇಟ್ಟರೆ ಎಷ್ಟೋ ಅಷ್ಟು. ಹಿಮಾಲಯದಿಂದ, ಮಧ್ಯ ಏಷ್ಯಾ, ರಷ್ಯಾದ ಕಾಡುಗಳಿಂದ ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತವೆ. ನಮ್ಮ ಕ್ಯಾಂಪಸ್ಸಿನ ಮಳೆಮರ, ಹೊಂಗೆಮರಗಳಲ್ಲೂ ಇವೆ. ಬೆನ್ನು ಹಸಿರು, ಹೊಟ್ಟೆ ಬಿಳಿಚು, ಕಣ್ಣಿನ ಮೇಲೆ ತೆಳು ಹುಬ್ಬು. ಒಂದು ಎಲೆಯ ಹಿಂದಿನಿಂದ ಇನ್ನೊಂದರ ಹಿಂದಕ್ಕೆ ಜಿಗಿಯುತ್ತಲೇ ಇರುತ್ತವೆ. ಬೈನಾಕ್ಯುಲರ್ ಫೋಕಸ್ ಮಾಡುವಷ್ಟರಲ್ಲಿ ಅಲ್ಲಿ ಅಲ್ಲಾಡುವ ರೆಂಬೆ ಮಾತ್ರ ಉಳಿದಿರುತ್ತದೆ.

ಹಕ್ಕಿ ಸಿಕ್ಕರೂ ತೊಂದರೆ ತಪ್ಪಿದ್ದಲ್ಲ. ಗ್ರೀನಿಷ್ ವಾರ್ಬ್ಲರ್ ಅಂತ ಒಂದಿದೆ, ಗ್ರೀನ್ ವಾರ್ಬ್ಲರ್ ಅಂತ ಇನ್ನೊಂದಿದೆ. ಹೆಸರಿಟ್ಟವರಿಗೆ ದೊಡ್ಡ ನಮಸ್ಕಾರ! ಎರಡನೆಯದರ ಕತ್ತು, ಹುಬ್ಬು ಸ್ವಲ್ಪ ಹೆಚ್ಚು ಹಳದಿ ಎನ್ನುತ್ತದೆ ಪುಸ್ತಕ. ಆದರೆ ಬೆಳಗಿನ ಬಿಸಿಲು ಎಲೆಗಳ ನಡುವೆ ಸೋಸಿ ಬರುವಾಗ ಯಾವ ಹಕ್ಕಿಯ ಹೊಟ್ಟೆಯಾದರೂ ಹಳದಿ-ಹಸಿರಾಗಿಯೇ ಕಾಣುತ್ತದೆ. ರೆಕ್ಕೆಯ ಮೇಲಿನ ಬಿಳಿ ಪಟ್ಟಿ ನೋಡಿ ಎನ್ನುತ್ತಾರೆ. ಆ ಪಟ್ಟಿ ಎಂದರೆ ಗರಿಗಳ ತುದಿಯ ಬಿಳಿ ಅಂಚು ಅಷ್ಟೇ. ಚಳಿಗಾಲ ಕಳೆಯುವುದರೊಳಗೆ ಉಜ್ಜಿ ಉಜ್ಜಿ ಸವೆದು ಹೋಗುತ್ತದೆ. ಇನ್ನು ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರಿನ ಕೊಕ್ಕು ದೊಡ್ಡದಂತೆ. ಪಕ್ಕದಲ್ಲಿ ಹೋಲಿಸಲು ಇನ್ನೊಂದು ಹಕ್ಕಿ ಕೂತಿಲ್ಲದಿದ್ದರೆ ಯಾವುದಕ್ಕಿಂತ ದೊಡ್ಡದು?

‘ಯಾವ ಗುಬ್ಬಿ ಆದ್ರೆ ನಿಂಗೇನು ಮಗಾ? ಪ್ಲೇಸ್‌ಮೆಂಟಲ್ಲಿ ಇದನ್ನ ಕೇಳ್ತಾರಾ?’ ಎನ್ನುತ್ತಾನೆ ರೂಮ್‌ಮೇಟ್. ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಮುಂದೆ ಬರುತ್ತೇನೆ.

ಕಣ್ಣು ಕೈಕೊಟ್ಟಲ್ಲಿ ಕಿವಿ ಕೈಹಿಡಿಯುತ್ತದೆ. ಗ್ರೀನಿಷ್ ‘ಚಿಸ್-ವೀ’ ಎಂದು ಎರಡು ತುಂಡಾಗಿ ಕರೆದರೆ ಗ್ರೀನ್ ನಡುವೆ ಇನ್ನೊಂದು ಅಕ್ಷರ ಸೇರಿಸಿ ‘ಚಿ-ಸು-ವೀ’ ಎನ್ನುತ್ತದೆ. ದೊಡ್ಡ ಕೊಕ್ಕಿನದು ‘ದಿರ್-ತೀ’ ಎಂದು ಕೆಳಗಿನಿಂದ ಮೇಲಕ್ಕೆ ಸ್ವರ ಏರಿಸುತ್ತದೆ. ಇದು ಹಳೆಯ ಉಪಾಯ. ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ, ಎಲ್ಲರೂ ಒಂದೇ ಎಂದುಕೊಂಡಿದ್ದ ಉಲಿಯಕ್ಕಿಗಳಲ್ಲಿ ಮೂರು ಬಗೆಯಿವೆ ಎಂದು 1768ರಲ್ಲೇ ಬರೆದಿದ್ದರು. ಅವರಿಗೆ ಸುಳಿವು ಕೊಟ್ಟದ್ದು ಹಾಡು.

ಈಗ ಮೊಬೈಲಿನ ಮರ್ಲಿನ್ ಆ್ಯಪ್ ಇದನ್ನೇ ಮಾಡುತ್ತದೆ. ದನಿಯನ್ನು ಸ್ಪೆಕ್ಟ್ರೋಗ್ರಾಂ ಎಂಬ ಚಿತ್ರವಾಗಿಸಿ, ಆ ಚಿತ್ರದ ಆಕಾರ ನೋಡಿ ಹೆಸರು ಹೇಳುತ್ತದೆ. ಫೋರಿಯರ್ ಟ್ರಾನ್ಸ್‌ಫಾರ್ಮ್ ಯಾವ ಉಪಯೋಗಕ್ಕೆ ಎಂದು ಲ್ಯಾಬಿನಲ್ಲಿ ಅರ್ಥವಾಗದವರು ಮರದ ಕೆಳಗೆ ಹತ್ತು ನಿಮಿಷ ನಿಂತರೆ ಸಾಕು. ಆದರೆ ಸ್ಕ್ರೀನಿನ ಮೇಲೆ ಹೆಸರು ಮೂಡಿದ ಮಾತ್ರಕ್ಕೆ ಅದು ಸಾಕ್ಷಿಯಾಗುವುದಿಲ್ಲ. ನಡುವೆ ಒಂದು ಆಟೊ ಹಾರ್ನ್ ಹೊಡೆದರೆ ಕಥೆ ಮುಗಿಯಿತು.

ಈಗ ರೂಮ್‌ಮೇಟನ ಪ್ರಶ್ನೆ. ಕಾಂಗ್ರೆಸ್ಸಿನ ಸ್ಥಾಪಕರು ಯಾರು ಎಂದರೆ ಎಫ್‌ಡಿಎ, ಕೆಎಎಸ್‌ಗೆ ಓದುವವರೆಲ್ಲ ಎ.ಒ. ಹ್ಯೂಮ್, 1885 ಎಂದು ಥಟ್ಟನೆ ಹೇಳುತ್ತಾರೆ. ಅದೇ ಹ್ಯೂಮ್ ದೊಡ್ಡ ಪಕ್ಷಿತಜ್ಞ. 1867ರಲ್ಲಿ, ಈಗಿನ ಹಿಮಾಚಲ ಪ್ರದೇಶದ ಸಟ್ಲೆಜ್ ಕಣಿವೆಯಲ್ಲಿ ಅವರು ಕಂದುಬಣ್ಣದ ಒಂದು ಪುಟ್ಟ ಹಕ್ಕಿಯನ್ನು ಸಂಗ್ರಹಿಸಿದರು. ಲಂಟಾನ ಪೊದೆಯೊಳಗಿಂದ ‘ಚೆಕ್, ಚೆಕ್’ ಎಂದು ಗದರುವ ಬ್ಲೈತ್ಸ್ ರೀಡ್ ವಾರ್ಬ್ಲರನ್ನು ನೀವು ಕಂಡಿರದಿದ್ದರೂ ಕೇಳಿರುತ್ತೀರಿ. ಹೆಚ್ಚೂಕಮ್ಮಿ ಅದರಂತೆಯೇ ಇತ್ತು, ಕೊಕ್ಕು ಮಾತ್ರ ತುಸು ಉದ್ದ. ಆಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಅಂಥ ಇನ್ನೊಂದು ಹಕ್ಕಿ ಯಾರ ಗಮನಕ್ಕೂ ಬರಲಿಲ್ಲ. ಇದು ಬೇರೆ ಪ್ರಭೇದವೇ ಅಲ್ಲವೇನೋ ಎಂಬ ಅನುಮಾನವೂ ಇತ್ತು. 2002ರಲ್ಲಿ ಆ ಹಳೆಯ ಮಾದರಿಯ ಡಿಎನ್ಎ ಪರೀಕ್ಷೆ ಅನುಮಾನ ಕಳೆಯಿತು. 2006ರ ಮಾರ್ಚಿನಲ್ಲಿ ಥಾಯ್ಲೆಂಡಿನ ಕೊಳಚೆ ನೀರು ಶುದ್ಧೀಕರಣ ಕೇಂದ್ರವೊಂದರ ಬಳಿ ಹಕ್ಕಿಗಳಿಗೆ ಉಂಗುರ ತೊಡಿಸುತ್ತಿದ್ದ ಫಿಲಿಪ್ ರೌಂಡ್ ಅವರ ಬಲೆಗೆ ಒಂದು ವಿಚಿತ್ರ ಹಕ್ಕಿ ಬಿತ್ತು. ಗರಿಯ ಡಿಎನ್ಎ ಹ್ಯೂಮ್ ಅವರ ಹಕ್ಕಿಗೆ ಹೊಂದಿಕೆಯಾಯಿತು! 2009ರಲ್ಲಿ ಅಫ್ಘಾನಿಸ್ತಾನದ ವಖಾನ್ ಪ್ರದೇಶದಲ್ಲಿ ಇವು ಮರಿ ಮಾಡುವ ಜಾಗವೂ ಸಿಕ್ಕಿತು.

ನನಗೆ ನಿಜಕ್ಕೂ ಆಶ್ಚರ್ಯ ತಂದದ್ದು ಇದರ ನಡುವೆ ನಡೆದ ಸಂಗತಿ. ಮ್ಯೂಸಿಯಂಗಳ ಡ್ರಾಯರುಗಳನ್ನು ಮತ್ತೆ ಹುಡುಕಿದಾಗ ಇದೇ ಹಕ್ಕಿಯ ಹಲವು ಹಳೆಯ ಮಾದರಿಗಳು ಹೊರಬಂದವು. ಬೇರೆ ಹಕ್ಕಿಯ ಚೀಟಿ ಅಂಟಿಸಿಕೊಂಡು ಅಷ್ಟು ವರ್ಷ ಅಲ್ಲೇ ಮಲಗಿದ್ದವು. ಚೀಟಿಯೊಂದು ಸರಿಯಿದ್ದಿದ್ದರೆ ಅದನ್ನು ‘ಕಾಣೆಯಾದ ಹಕ್ಕಿ’ ಎಂದು ಯಾರೂ ಕರೆಯುತ್ತಿರಲಿಲ್ಲ.

ಇಂದು ಆ ಚೀಟಿ ಬರೆಯುವವರು ನಾವು. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಪ್ರಭೇದಗಳ ಸ್ಥಿತಿಗತಿ ಹೇಳಿದ್ದು ಸುಮಾರು 3 ಕೋಟಿ ದಾಖಲೆಗಳ ಆಧಾರದಿಂದ. ಅವನ್ನು ಇ-ಬರ್ಡ್‌ಗೆ ಹಾಕಿದವರಲ್ಲಿ ವಿಜ್ಞಾನಿಗಳಿಗಿಂತ ನನ್ನ-ನಿಮ್ಮಂಥ ಹವ್ಯಾಸಿಗಳೇ ಹೆಚ್ಚು. ಯಾವ ಹಕ್ಕಿ ಕಡಿಮೆಯಾಗುತ್ತಿದೆ, ಯಾವುದಕ್ಕೆ ರಕ್ಷಣೆ ಬೇಕು ಎಂಬ ಲೆಕ್ಕ ಇದರ ಮೇಲೆ ನಿಲ್ಲುತ್ತದೆ. ಪಟ್ಟಿ ಉದ್ದವಾಗಲಿ ಎಂದು ಊಹಿಸಿ ಟಿಕ್ ಹಾಕುವವರನ್ನು ಕಂಡರೆ ನನಗೆ ಕಿರಿಕಿರಿಯಾಗುವುದು ಅದಕ್ಕೇ. ಇ-ಬರ್ಡ್‌ನಲ್ಲಿ ‘ಗ್ರೀನ್/ಗ್ರೀನಿಷ್’ ಎಂದು ಎರಡನ್ನೂ ಸೇರಿಸಿದ ಆಯ್ಕೆಯಿದೆ. ಅದೂ ಆಗದಿದ್ದರೆ ಬರೀ ‘ಎಲೆ ಉಲಿಯಕ್ಕಿ’ ಎಂಬರ್ಥದ ಆಯ್ಕೆಯೂ ಇದೆ. ಪರೀಕ್ಷೆಯಲ್ಲಿ ಏನಾದರೂ ಒಂದು ಬರೆದು ಬಾ ಎನ್ನುತ್ತಾರೆ. ಇಲ್ಲಿ ಹಾಗಿಲ್ಲ.

ನೋಡಬೇಕೆನಿಸಿದರೆ ಇನ್ನೂ ಕಾಲ ಮೀರಿಲ್ಲ. ಏಪ್ರಿಲ್‌ವರೆಗೆ ಇವು ಇಲ್ಲೇ ಇರುತ್ತವೆ. ಹೊರಡುವ ಮುನ್ನ ಮಾರ್ಚ್ ಕೊನೆಗೆ ಪೊದೆಯೊಳಗಿನ ಬ್ಲೈತ್ಸ್ ರೀಡ್ ವಾರ್ಬ್ಲರ್ ‘ಚೆಕ್’ ಬಿಟ್ಟು ಹಾಡಲು ಶುರುಮಾಡುತ್ತದೆ. ಬೇರೆ ಹಕ್ಕಿಗಳ ದನಿಗಳನ್ನೂ ಕದ್ದು ನಡುನಡುವೆ ಸೇರಿಸುತ್ತದೆ. ನಮ್ಮ ಹಾಸ್ಟೆಲಿನ ಹಿಂದಿನ ಲಂಟಾನದಲ್ಲಂತೂ ಒಂದು ಖಾಯಂ ಇದೆ, ಬೆಳಿಗ್ಗೆ ಆರೂವರೆಗೆ, ಮೆಸ್ ತೆರೆಯುವ ಮೊದಲು.