ಕಂಪ್ಯೂಟರ್ ಡಿಸ್ಕಿಗೂ ಒಂದು ಪಡಿಯಚ್ಚು

ಮುಂಗಾರು ಸಮೀಪಿಸುತ್ತಿದೆ. ಅಡಕೆ ಕೊನೆಗೆ ಕೊಟ್ಟೆ ಕಟ್ಟುವ, ಬೋರ್ಡೋ ದ್ರಾವಣ ಹೊಡೆಸುವ ಸಿದ್ಧತೆಯಲ್ಲಿ ನಾವೆಲ್ಲ ಇದ್ದೇವೆ. ಕೊಳೆ ತಗಲಿದ ಮೇಲೆ ಮದ್ದು ಹೊಡೆದರೆ ಏನಾಗುತ್ತದೆಂದು ತೋಟಿಗರಿಗೆ ಹೇಳಬೇಕಾಗಿಲ್ಲ. ಅಂಥದೇ ಮುಂಜಾಗ್ರತೆ ಲೆಕ್ಕ ಬರೆಯುವ ಕಂಪ್ಯೂಟರಿಗೂ ಅಗತ್ಯ.

ಕ್ಯಾಸಲ್‌ರಾಕ್ ಭಾಗದ ಮಳೆಯಲ್ಲಿ ಮರ ಬಿದ್ದು ತಂತಿ ಹರಿಯುವುದು, ಕರೆಂಟು ಹೋಗಿ ಬಂದು ಮಾಡುವುದು ಹೊಸತಲ್ಲ. ಯಂತ್ರ ಕೆಟ್ಟರೆ ರಿಪೇರಿಯವರು ದಾಂಡೇಲಿಯಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಂಘದ ಕಾಗದಪತ್ರ ಕಂಪ್ಯೂಟರಿಗೆ ಹೋದಷ್ಟೂ, ಅದು ನಿಂತ ದಿನ ಕಾಡಿನ ದಾರಿ ನಡೆದು ಬಂದ ಸದಸ್ಯರು ಬಾಕಿ ಎಷ್ಟೆಂದು ತಿಳಿಯದೆ ಮರಳುವ ಸಂಭವ ಹೆಚ್ಚು.

ಲೆಕ್ಕದ ಕಡತಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳುವ ರೂಢಿ ಹಲವರಿಗೆ ಇದೆ. ಒಳ್ಳೆಯದೇ, ಆದರೆ ಸಾಲದು. ವಿಂಡೋಸ್, ಲೆಕ್ಕದ ತಂತ್ರಾಂಶ ಮತ್ತು ಅದರ ಪರವಾನಗಿ, ನುಡಿ ಅಕ್ಷರಗಳು, ಪ್ರಿಂಟರಿನ ಹಾಗೂ ಹೆಬ್ಬೆಟ್ಟು ಯಂತ್ರದ ಜೋಡಣೆ, ಇವೆಲ್ಲ ಆ ನಕಲಿನಲ್ಲಿ ಬರುವುದಿಲ್ಲ. ಒಂದೊಂದಾಗಿ ಹೊಸದಾಗಿ ಹಾಕಲು ಎರಡು ಮೂರು ದಿನ ಹಿಡಿದರೂ ಆಶ್ಚರ್ಯವಿಲ್ಲ.

ಡಿಸ್ಕ್ ಇಮೇಜ್ ಎಂದರೆ ಇಡೀ ಡಿಸ್ಕಿನ ಪಡಿಯಚ್ಚು. ಸಸಿಯನ್ನು ಬೇರಿನ ಮಣ್ಣಿನ ಹೆಂಟೆ ಸಮೇತ ಎತ್ತಿ ಬೇರೆಡೆ ನೆಟ್ಟಂತೆ. ಕಂಪ್ಯೂಟರ್ ಶುರುವಾಗಲು ಬೇಕಾದ, ಕಣ್ಣಿಗೆ ಕಾಣದ ಸಣ್ಣ ಭಾಗಗಳೂ ಅದರಲ್ಲಿರುತ್ತವೆ. ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶ ಉಚಿತ. ಅದನ್ನು ಪೆನ್ ಡ್ರೈವಿಗೆ ಹಾಕಿ, ಕಂಪ್ಯೂಟರನ್ನು ಅದರಿಂದಲೇ ಶುರುಮಾಡಿ, ಪಡಿಯಚ್ಚನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಉಳಿಸಬೇಕು. ಸಾಮಾನ್ಯವಾಗಿ ಅದು ತುಂಬಿದ ಭಾಗವನ್ನಷ್ಟೇ ಹಿಂಡಿ ಇಡುವುದರಿಂದ 256 ಜಿಬಿ ಡಿಸ್ಕಿಗೆ ಅಷ್ಟು ಜಾಗ ಬೇಕಾಗುವುದಿಲ್ಲ. ಮರಳಿ ಇಳಿಸುವ ಡಿಸ್ಕು ಮಾತ್ರ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು.

ಇಳಿಸುವಾಗ ಕೈ ತಪ್ಪಬಾರದು. ಎಲ್ಲಿಂದ, ಎಲ್ಲಿಗೆ ಎಂಬುದು ಅದಲುಬದಲಾದರೆ ಒಳ್ಳೆಯ ಡಿಸ್ಕಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಪರದೆಯ ಮೇಲಿನ ಡಿಸ್ಕಿನ ಹೆಸರು, ಅಳತೆ ಓದಿಯೇ ಮುಂದುವರಿಯತಕ್ಕದ್ದು. ವಿಂಡೋಸ್ 11 ಇರುವ ಹಲವು ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರುತ್ತದೆ. ಅದರ 48 ಅಂಕಿಗಳ ಸಂಖ್ಯೆಯನ್ನು ಮೊದಲೇ ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ.

ಪಡಿಯಚ್ಚು ತೆಗೆದ ದಿನದ ಸ್ಥಿತಿ ಮಾತ್ರ ಮರಳಿ ಬರುತ್ತದೆ. ಏಪ್ರಿಲಿನದನ್ನು ಜುಲೈನಲ್ಲಿ ಇಳಿಸಿದರೆ ಮೇ, ಜೂನ್ ತಿಂಗಳ ತೂಕದ ಚೀಟಿಗಳು ಅದರಲ್ಲಿರುವುದಿಲ್ಲ. ಆದುದರಿಂದ ಲೆಕ್ಕದ ದಿನನಿತ್ಯದ ನಕಲನ್ನು ಬಿಡುವಂತಿಲ್ಲ.

ತೆಗೆದಿಟ್ಟು ನಿಶ್ಚಿಂತರಾಗುವ ಮೊದಲು ಒಮ್ಮೆ ಪರೀಕ್ಷಿಸಬೇಕು. ಮೂಲ ಡಿಸ್ಕನ್ನು ಬಿಚ್ಚಿಟ್ಟು, ಬೇರೊಂದು ಡಿಸ್ಕನ್ನು ಯಂತ್ರಕ್ಕೆ ಜೋಡಿಸಿ, ಪಡಿಯಚ್ಚನ್ನು ಅದಕ್ಕಿಳಿಸಿ ಒಂದು ಬಿಲ್ಲು ಮುದ್ರಿಸಿ ನೋಡಿ. ಹೆಚ್ಚುವರಿ ಡಿಸ್ಕಿನ ಖರ್ಚು ದಂಡವೆಂದು ಆಡಳಿತ ಮಂಡಳಿಯವರು ಎಣಿಸಬಾರದೆಂಬುದು ನಮ್ಮ ಅಭಿಪ್ರಾಯ. ಮುಂದೆ ಯಂತ್ರದ ಡಿಸ್ಕು ಕೈಕೊಟ್ಟ ದಿನ ಅದೇ ಒದಗುತ್ತದೆ.

ಹೊರಗಿನ ಹಾರ್ಡ್ ಡಿಸ್ಕನ್ನು ಯಂತ್ರಕ್ಕೆ ಸಿಕ್ಕಿಸಿಯೇ ಬಿಡುವುದು ತಪ್ಪು. ಸಿಡಿಲು ಎರಡನ್ನೂ ಸುಡಬಹುದು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನ್ನಾಕ್ರೈಯಂಥ ಹಣ ಕೇಳುವ ವೈರಸ್ಸು ಜೋಡಿಸಿದ ಡಿಸ್ಕಿಗೂ ಬೀಗ ಹಾಕುತ್ತದೆ. ತೇವ ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇಡಿ. ಸದಸ್ಯರ ಖಾತೆಗಳೆಲ್ಲ ಅದರಲ್ಲಿರುವುದರಿಂದ ಕೀಲಿಕೈ ಜವಾಬ್ದಾರಿಯವರ ಬಳಿಯೇ ಇರಲಿ. ಹೊಸ ತಂತ್ರಾಂಶವನ್ನೋ ಪ್ರಿಂಟರನ್ನೋ ಜೋಡಿಸಿದಾಗಲೆಲ್ಲ, ಇಲ್ಲವಾದರೆ ವರ್ಷಕ್ಕೆರಡು ಬಾರಿ, ಮಳೆಗೆ ಮುಂಚೆ ಮತ್ತು ಅಡಕೆ ಕೊಯ್ಲಿಗೆ ಮುಂಚೆ, ಹೊಸ ಪಡಿಯಚ್ಚು ತೆಗೆದು ಡಬ್ಬಿಯ ಮೇಲೆ ತಾರೀಖು ಬರೆದಿಟ್ಟರೆ ಸಾಕು.