ಹುಟ್ಟಿದ ದಿನದ ದಾಖಲೆ

ತಮಿಳುನಾಡಿನ ಗಡಿಗೆ ತಾಗಿದ ಪುಣಜನೂರಿನ ಸುತ್ತಣ ಅರಣ್ಯವು ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದುದು. ಅಲ್ಲಿ ಬೇಟೆಗೆ ಹೊರಟ ಹಿರಿಯರ ಬೆನ್ನುಹತ್ತಿ ಹೋದ, ಹದಿನೇಳರ ಪ್ರಾಯದ ಬಾಲಕನೊಬ್ಬನು ಅವರೊಡನೆ ತಾನೂ ಸೆರೆಸಿಕ್ಕಿದನೆಂದು ಭಾವಿಸೋಣ. ಕೃತ್ಯವೊಂದೇ ಆದರೂ, ಹಿರಿಯರು ಸಾಗುವ ಹಾದಿಯಲ್ಲಿ ಅವನನ್ನೂ ಕೊಂಡೊಯ್ಯಲು ನಮ್ಮ ಶಾಸನವು ಒಪ್ಪದು.

2016ರ ಜನವರಿ 15ರಂದು ಜಾರಿಗೆ ಬಂದ ಬಾಲನ್ಯಾಯ ಕಾಯ್ದೆಯು, ಹದಿನೆಂಟು ತುಂಬದವನನ್ನು ಲಾಕಪ್ಪಿನಲ್ಲಾಗಲಿ ಕಾರಾಗೃಹದಲ್ಲಾಗಲಿ ಇರಿಸಲಾಗದೆಂದೂ, ಪ್ರಯಾಣದ ವೇಳೆಯನ್ನು ಕಳೆದು 24 ಗಂಟೆಗಳೊಳಗೆ, ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಕೂಡಿದ ಬಾಲನ್ಯಾಯ ಮಂಡಳಿಗೆ ಒಪ್ಪಿಸತಕ್ಕದ್ದೆಂದೂ, ವಯಸ್ಕರೊಡನೆ ಒಂದೇ ವಿಚಾರಣೆಗೆ ಗುರಿಪಡಿಸಕೂಡದೆಂದೂ ವಿಧಿಸುತ್ತದೆ. ಹದಿನಾರು ತುಂಬಿದವನನ್ನು ವಯಸ್ಕನಂತೆ ವಿಚಾರಿಸುವ ಪ್ರಸಕ್ತಿಯು ಕನಿಷ್ಠ ಏಳು ವರ್ಷಗಳ ಶಿಕ್ಷೆಯುಳ್ಳ ಘೋರಾಪರಾಧಗಳಿಗೆ ಮಾತ್ರ ಮೀಸಲು. ಮೊದಲ ಬಾರಿಯ ಬೇಟೆಯು ಆ ಪಂಕ್ತಿಗೆ ಸೇರದು.

ಈ ವ್ಯವಸ್ಥೆಯ ಹೃದಯವಿರುವುದು ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿಯ) ವರದಿಯಲ್ಲಿ ಎಂದು ನನ್ನ ಭಾವನೆ. ಮನೆಯಲ್ಲಿ ದುಡಿಯುವವರಾರು, ಹುಡುಗನು ಶಾಲೆ ಬಿಟ್ಟುದೇಕೆ, ಅವನನ್ನು ಕಾಡಿಗೆ ಕರೆದೊಯ್ದವರಾರು ಎಂಬುದನ್ನೆಲ್ಲ ಅವರು ಹದಿನೈದು ದಿನಗಳೊಳಗೆ ವಿಚಾರಿಸಿ ಮಂಡಳಿಗೆ ತಿಳಿಸಬೇಕು. ತಪ್ಪು ಸಿದ್ಧವಾದರೂ, ಬುದ್ಧಿ ಹೇಳಿ ತಂದೆತಾಯಿಯರಿಗೊಪ್ಪಿಸುವುದರಿಂದ ಮೊದಲ್ಗೊಂಡು, ಸಮುದಾಯಸೇವೆಯನ್ನು ವಿಧಿಸುವುದು, ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದಲ್ಲಿರಿಸುವುದು, ಇವೇ ಮಂಡಳಿಯ ಕೈಯಲ್ಲಿರುವ ಉಪಾಯಗಳು. ಇದನ್ನು ಮೃದುತ್ವದ ಅತಿರೇಕವೆಂದು ಜರೆಯುವವರುಂಟು; ಬೆಳೆಯುವ ಮನಸ್ಸನ್ನು ತಿದ್ದಬಹುದೆಂದು ನಂಬುವ ಸಮಾಜಕ್ಕೆ ಇದಕ್ಕಿಂತ ಯೋಗ್ಯವಾದ ಮಾರ್ಗವು ನನಗೆ ಕಾಣದು.

ಆದರೆ ಈ ಕರುಣೆಯೆಲ್ಲ ನಿಂತಿರುವುದು ಒಂದು ಕಾಗದದ ಮೇಲೆ. ವಯಸ್ಸಿನಲ್ಲಿ ಸಂದೇಹವಿದ್ದಲ್ಲಿ ಮೊದಲು ಶಾಲೆಯ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿಯ ಜನನಪತ್ರ, ಎರಡೂ ಇಲ್ಲದಲ್ಲಿ ಮಾತ್ರ ಎಲುಬಿನ ಪರೀಕ್ಷೆ. ಎಲುಬು ಹೇಳುವುದಾದರೋ ಅಂದಾಜನ್ನೇ ಹೊರತು ದಿನಾಂಕವನ್ನಲ್ಲ. ಹದಿನೇಳೋ ಹತ್ತೊಂಬತ್ತೋ ಎಂಬ ಆ ಅಂತರದಲ್ಲಿ, ಕಾಡಿನೊಳಗಣ ಪೋಡಿನಲ್ಲಿ, ಎಂದರೆ ಬುಡಕಟ್ಟಿನವರ ಹಾಡಿಯಲ್ಲಿ, ಹುಟ್ಟಿ ಶಾಲೆಯ ಮೆಟ್ಟಿಲನ್ನೇ ಹತ್ತದವನು ಸೆರೆಮನೆಯ ಪಾಲಾಗಬಹುದು. ಅಪ್ರಾಪ್ತನೆಂಬ ವಾದವನ್ನು ಯಾವ ನ್ಯಾಯಾಲಯದಲ್ಲಿಯೂ ಯಾವ ಹಂತದಲ್ಲಿಯೂ, ಅಂತಿಮ ತೀರ್ಪಿನ ತರುವಾಯವೂ ಎತ್ತಬಹುದೆಂಬುದು ನಿಜ. ಆದರೆ ಅಷ್ಟರೊಳಗೆ ವಯಸ್ಕರ ನಡುವೆ ಕಳೆದ ದಿನಗಳನ್ನು ಯಾವ ತೀರ್ಪೂ ಹಿಂದಿರುಗಿಸಲಾರದು.

ಜನನವನ್ನು 21 ದಿನಗಳೊಳಗೆ ನೋಂದಾಯಿಸಲು 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಅವಕಾಶವಿದೆ. ಗಡಿಯ ಪಂಚಾಯಿತಿಯವರೂ ಅಂಗನವಾಡಿಯ ತಾಯಂದಿರೂ ಉಪಾಧ್ಯಾಯರೂ ಪೋಡುಪೋಡಿಗೆ ಹೋಗಿ, ದಾಖಲೆಯಿಲ್ಲದ ಪ್ರತಿಯೊಂದು ಮಗುವಿನ ಹೆಸರನ್ನೂ ಹುಟ್ಟಿದ ದಿನವನ್ನೂ ಬರೆಯಿಸಿಕೊಳ್ಳಬೇಕೆಂದು ಬೇಡುತ್ತೇನೆ.